ಆಸಾಡಿಯಲ್ಲಿ ಕೇಳಬಾರದ ಅಪ್ಪಣೆ

"ಮನಿ ಎದ್ರೇ ಕಡ್ಲಿತ್ತ್, ಅದ್ ಬಿಟ್ಟ್ ಆಫ್ರಿಕದ್ ಕಡ್ಲ್ ಓದುಕ್ ಹೋಯಿದ" ಎಂದು ನಾವುಂದದ ಮೀನು ಮಾರುವ ಹೆಂಗಸರು ಪ್ರೇಮಾನಂದನನ್ನು ಆಡಿಕೊಳ್ಳುತ್ತಿದ್ದರು. ನೆರೆಮನೆಯ ಸೂರ ಸಿಕ್ಕಾಗಲೆಲ್ಲ, "ಹ್ವಾಯ್, ಅಲ್ಲಿ ಬಂಗುಡೆಗೆ ಕೊಂಬಿತ್ತಾ?" ಎನ್ನುವನು.

ಪ್ರೇಮಾನಂದ ನಕ್ಕುಬಿಡುವನು. ಮುಂಬೈಯಲ್ಲಿ ಹಗಲು ಹೋಟೆಲಿನ ಗಲ್ಲೆಯಲ್ಲಿ ಕೂತು, ರಾತ್ರಿಶಾಲೆಯಲ್ಲಿ ಕಲಿತು, ಕಡೆಗೆ ಆಫ್ರಿಕಾ ಅಧ್ಯಯನದ ವಿಭಾಗ ಸೇರಿದವನು. ಸಂಶೋಧನೆಗೆಂದು ಮೊಜಾಂಬಿಕ್ ತೀರದಲ್ಲಿ ಕಡಲು ನುಂಗಿದ ಮೀನುಗಾರರ ಊರೊಂದಕ್ಕೆ ಹೋಗಿಬಂದಿದ್ದ. ಅಲ್ಲಿ ಭೂಗೋಳದವರು ಅಲೆ ಅಳೆದಿದ್ದರು, ಜಾನಪದದವರು ಅಜ್ಜಂದಿರ ಗೋರಿಗಳ ಕತೆ ಬರೆದುಕೊಂಡಿದ್ದರು. ಎರಡನ್ನೂ ಒಟ್ಟಿಗಿಟ್ಟು ಓದಿದಾಗ ಇವನಿಗೆ ಜನ ಮುಳುಗಿದ ಕಾರಣ ಕಂಡಿತು. ಬಾವಿ ಉಪ್ಪಾದರೂ ಜನ ಊರು ಬಿಟ್ಟಿರಲಿಲ್ಲ. ಊರು ಬಿಡಲು ಅಜ್ಜಂದಿರ ಗೋರಿಯ ಅಪ್ಪಣೆ ಬೇಕಿತ್ತು, ಕೊಯ್ಲು ಮುಗಿಯದೆ ಅದನ್ನು ಕೇಳುವಂತಿರಲಿಲ್ಲ. ಕಡಲು ಕೊಯ್ಲಿಗೆ ಕಾಯಲಿಲ್ಲ.

೨೦೦೮ರ ಮಳೆಗಾಲದಲ್ಲಿ, ಆಷಾಢ ಹಿಡಿದ ಮೇಲೆ, ಅವನು ಊರಿಗೆ ಬಂದಾಗ ತಾಯಿ ವನಜ ಕೊಟ್ಟ ನೀರು ಉಪ್ಪುಪ್ಪಾಗಿತ್ತು. ಅಂಗಳದಂಚಿನ ತೆಂಗಿನ ಬೇರು, ಅಡಿಯ ಮಣ್ಣು ಕಡಲಿಗೆ ಕೊಚ್ಚಿಹೋಗಿ, ಬಯಲಿಗೆ ಬಿದ್ದಿತ್ತು.

ಮನೆಯ ಯಜಮಾನ ತಾಯಿಯ ಅಣ್ಣ ದುಗ್ಗಪ್ಪ. ಬೊಬ್ಬರ್ಯ ದೈವದ ಕತ್ತಿ ಅವನ ವಶ, ಅವನ ನಂತರ ಸೋದರಳಿಯ ಪ್ರೇಮಾನಂದನದು.

"ಮಾವ, ಈ ಮನಿ ಬಿಡ್ಕ್."

"ದೈವದ್ ಅಪ್ಪಣಿ ಕೇಣ್ದೆ ಆತಿಲ್ಲೆ. ಆಸಾಡಿಯಗೆ ದೈವ ಎಬ್ಬಿಸ್ತ್ರಾ? ಮಳಿ ಕಳಿಲಿ."

"ಅಲ್ಲಿಯವ್ರೂ ಹಿಂಗೇ ಹೇಳದ್ದ್."

"ಅವ್ರ್ ದೈವ ಬೇರೆ. ನಮ್ಮ್ ಬೊಬ್ಬರ್ಯ ಕಡ್ಲಿಗೇ ಯಜಮಾನ."

ಮರುದಿನ ಮಧ್ಯಾಹ್ನ ತೆಂಗಿನ ಮರ ಸದ್ದಿಲ್ಲದೆ ಕಡಲಿಗೆ ಒರಗಿತು. ಪ್ರೇಮಾನಂದ ತಾಯಿಯನ್ನು ತ್ರಾಸಿಯ ಚಿಕ್ಕಮ್ಮನ ಮನೆಗೆ ಕಳಿಸಿದ. ದುಗ್ಗಪ್ಪ ಮಾತ್ರ ದೈವದ ಕೋಣೆಯ ಬಾಗಿಲಲ್ಲಿ ಕಾಲು ಮಡಚಿ ಕೂತ. ಅಂಗಳ ಕುಸಿದು, ಜಗಲಿಯ ಗೋಡೆ ಬಿರಿಯಿತು.

"ನೀ ಹೋಯ್. ಕತ್ತಿ ಬಿಟ್ಟ್ ನಾ ಬತ್ತಿಲ್ಲೆ."

ಅಂಗಲಾಚಿ ಪ್ರಯೋಜನವಿಲ್ಲವೆಂದು ಪ್ರೇಮಾನಂದನಿಗೆ ಗೊತ್ತಿತ್ತು. ಮಾವನನ್ನು ದಾಟಿ ಒಳಹೋಗಿ, ಕೈಮುಗಿದು, ಕತ್ತಿ ಎತ್ತಿದ. ಅಪ್ಪಣೆಯಿಲ್ಲದೆ ದೈವದ ಕತ್ತಿ ಮುಟ್ಟಿದವನಿಂದ ದುಗ್ಗಪ್ಪ ಹಿಂದಕ್ಕೆ ಸರಿದ.

"ಇದ್ರ್ ಫಲ ನೀನೇ ಉಣ್ಕ್."

"ಉಣ್ತೆ ಮಾವ. ಏಳಿ."

ಕತ್ತಿ ಹೋದ ಮೇಲೆ ಆ ಕೋಣೆಯಲ್ಲಿ ಕಾಯುವುದಕ್ಕೆ ಏನೂ ಉಳಿಯಲಿಲ್ಲ. ದುಗ್ಗಪ್ಪ ಗೋಡೆ ಹಿಡಿದು ಎದ್ದ.

ಮುಂಬಾಗಿಲಿನಾಚೆ ನೆಲವಿರಲಿಲ್ಲ. ಪ್ರೇಮಾನಂದ ಆ ಮನೆಯಿಂದ ಕಡೆಯ ಸಲ ಹೊರಬಿದ್ದದ್ದು ಹಿತ್ತಿಲ ಬಾಗಿಲಿಂದ, ಕೇಳದೆ ಎತ್ತಿದ ಕತ್ತಿಯನ್ನು ಎರಡೂ ಕೈಯಲ್ಲಿ ಹಿಡಿದು. ಹಿಂದೆ ದುಗ್ಗಪ್ಪ ಬಂದ, ಅಳಿಯನ ನೆರಳೂ ತನಗೆ ತಾಗದಷ್ಟು ದೂರ ಬಿಟ್ಟು.