ಮಡುವಿಗೆ ಬಂದ ಚಿಕ್ಕಸ್ವಾಮಿ

ನರಸೀಪುರದಲ್ಲಿ ಚಿಕ್ಕಸ್ವಾಮಿಯ ಮನೆಯನ್ನು ಯಾರೂ ಸುಮ್ಮನೆ ಹುಡುಕಿಕೊಂಡು ಬರುವುದಿಲ್ಲ. ಹೊಳೆಯಲ್ಲೋ ನಾಲೆಯಲ್ಲೋ ಯಾರಾದರೂ ಮುಳುಗಿದರೆ ಪೊಲೀಸರ ಫೋನು ಬರುತ್ತದೆ. ಅವನು ತೆಪ್ಪ ಹಾಕಿಕೊಂಡು ಹೋಗಿ, ತಳ ತಡಕಿ, ಹೆಣದ ಮುಖ ನೋಡದೆ ಎಳೆದು ತಂದು ದಡದಲ್ಲಿ ಮಲಗಿಸಿ ಬರುತ್ತಾನೆ. ಮೂವತ್ತು ವರ್ಷದಿಂದ ಇದೇ ಆಯಿತು. ತಾನು ಮೀನು ಹಿಡಿಯುವವನೆಂದು ಅವನೇ ಹೇಳಿಕೊಳ್ಳಬೇಕು, ಊರು ಅದನ್ನು ಎಂದೋ ಮರೆತಿದೆ. ಮದುವೆಗೆ ಕರೆಯುತ್ತಾರೆ, ಬರದಿದ್ದರೆ ಯಾಕೆ ಬರಲಿಲ್ಲ ಎಂದು ಮಾತ್ರ ಕೇಳುವುದಿಲ್ಲ. ಇಂಥ ಜನ ನಾವು.

ಹೆಂಡತಿ ಸಣ್ಣತಾಯಮ್ಮನಿಗೆ ಒಂದೇ ಆಸೆ. ಕಾಡಿನೊಳಗಿನ ಜಲಪಾತ ನೋಡಬೇಕು, ಅದರ ಕೆಳಗೆ ಬಂಡೆಗಳ ನಡುವೆ ತುಂಬಿ ನಿಲ್ಲುವ ಮಡುವಿನಲ್ಲಿ ಗಂಡನ ಜೊತೆ ಒಮ್ಮೆ ನೀರಿಗಿಳಿಯಬೇಕು. ಅಲ್ಲೇನಿದೆ ನೋಡುವುದಕ್ಕೆ ಎಂದು ಅವನು ವರ್ಷಗಟ್ಟಲೆ ಮಾತು ಹಾರಿಸಿದ್ದ. ಅಲ್ಲಿಂದಲೂ ಫೋನು ಬಂದು, ಆ ಮಡುವಿನಿಂದಲೇ ಏಳು ಜನರನ್ನು ಎತ್ತಿದವನು ಇನ್ನೇನು ಹೇಳಿಯಾನು? ಈ ಸಲ ಅವಳು ಬುತ್ತಿ ಕಟ್ಟಿಕೊಂಡೇ ಬಾಗಿಲಲ್ಲಿ ನಿಂತಳು. ಅವನು ಸೋತ.

ಭಾನುವಾರವಾದ್ದರಿಂದ ಮಡುವಿನ ತುಂಬ ಜನ, ಕೇಕೆ. ಮೆಟ್ಟಿಲಿಳಿದು ಬರುತ್ತಿದ್ದ ಚಿಕ್ಕಸ್ವಾಮಿಯನ್ನು ಮೊದಲು ಕಂಡವಳು ಚುರುಮುರಿ ಮಾರುವ ಪುಟ್ಟಗೌರಮ್ಮ. ಕಲಸುತ್ತಿದ್ದ ಅವಳ ಕೈ ಅಲ್ಲೇ ನಿಂತಿತು. ಆಮೇಲೆ ಫಾರೆಸ್ಟ್ ಗಾರ್ಡ್ ನಿಂಗರಾಜು ಕಂಡ. ಅವನು ಹಿಂದೆಮುಂದೆ ಯೋಚಿಸದೆ ಸೀಟಿ ಊದಿ, ಎಲ್ಲರೂ ಮೇಲೆ ಬನ್ನಿ ಎಂದು ಕೂಗಿದ. ತಾಯಂದಿರು ಒದ್ದೆ ಮಕ್ಕಳನ್ನು ಎಳೆದುಕೊಂಡು ತಲೆ ಎಣಿಸತೊಡಗಿದರು.

"ಯಾರ್ ಮುಳುಗೋದ್ರಣ್ಣ?" ಎಂದು ನಿಂಗರಾಜು ಹತ್ತಿರ ಬಂದು ಮೆಲ್ಲಗೆ ಕೇಳಿದ.

"ಯಾರೂ ಇಲ್ಲ ಕಣಪ್ಪ. ಎಂಡ್ರುನ್ನ ಕರ್ಕಂಡು ಬಂದಿವ್ನಿ," ಎಂದ ಚಿಕ್ಕಸ್ವಾಮಿ, ಬುತ್ತಿಯ ಡಬ್ಬಿ ತೋರಿಸುತ್ತ.

ನಿಂಗರಾಜುವಿಗೆ ನಾಚಿಕೆಯಾಯಿತು. ಏನೂ ಆಗಿಲ್ಲ, ಇಳಿಯಿರಿ ಎಂದು ಜನರಿಗೆ ಹೇಳಿ ನೋಡಿದ. ಅಷ್ಟರಲ್ಲಿ ಬಂದವನು ಯಾರೆಂಬ ಸುದ್ದಿ ದಡದುದ್ದಕ್ಕೂ ಹರಡಿತ್ತು. ಒಬ್ಬರೂ ಇಳಿಯಲಿಲ್ಲ. ಬಟ್ಟೆ ಬದಲಾಯಿಸಿಕೊಂಡು, ಅವನನ್ನು ಸುತ್ತುಬಳಸಿ ಮೆಟ್ಟಿಲು ಹತ್ತಿದರು.

ತನ್ನ ಗಂಡ ನಡೆದು ಬಂದರೆ ಜನ ಏನು ಮಾಡುತ್ತಾರೆಂದು ಸಣ್ಣತಾಯಮ್ಮ ಕಣ್ಣಾರೆ ಕಂಡದ್ದು ಅವತ್ತೇ. ಸೆರಗು ಸಿಕ್ಕಿಸಿ, ನೆಟ್ಟಗೆ ಹೋಗಿ ಆ ಖಾಲಿ ಮಡುವಿಗೆ ಇಳಿದಳು. ಸೊಂಟದುದ್ದ ನೀರಿನಲ್ಲಿ ನಿಂತು ಅವನತ್ತ ಕೈ ಚಾಚಿದಳು.

ಅವನೂ ಇಳಿದ. ಆದರೆ ಅವಳ ಅಂಗೈ ಹಿಡಿಯಲಿಲ್ಲ. ನೀರಿನಲ್ಲಿ ಅಂಗೈ ಜಾರುತ್ತದೆ, ಅವನ ಕೈಗೆ ಗೊತ್ತಿದ್ದದ್ದು ಮಣಿಕಟ್ಟು ಮಾತ್ರ. ಅದನ್ನೇ ಬಿಗಿಯಾಗಿ ಹಿಡಿದು, ಮುಖ ಆಚೆ ತಿರುಗಿಸಿಕೊಂಡು, ಅವಳನ್ನು ದಡದ ಕಡೆಗೆ ಎಳೆಯತೊಡಗಿದ.

"ಬುಡಿ," ಎಂದಳು ಸಣ್ಣತಾಯಮ್ಮ. "ಈ ಕಡೀಕೆ ತಿರುಗಿ ನೋಡಿ. ನಾನಿನ್ನೂ ಬದುಕಿವ್ನಿ."