ಚಳಿಗಾಲಕ್ಕೆ ಕಾದ ಕಣ್ಣು

ನನ್ನ ತಮ್ಮನನ್ನು ಯಾರಾದರೂ ಸೋಮಾರಿ ಎಂದರೆ ಇವತ್ತಿಗೂ ನಾನೇ ಜಗಳಕ್ಕೆ ನಿಲ್ಲುತ್ತೇನೆ. ಕುರುಗೋಡಿನ ಅವನ ಓಣಿಯಲ್ಲಿ ಯಾರಿಗೆ ಎದೆನೋವು ಬಂದರೂ, ಯಾರ ಸೊಸೆಗೆ ಹೆರಿಗೆ ನೋವು ಶುರುವಾದರೂ ಮೊದಲು ಓಡುವವನು ಅವನೇ. ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಆಟೊ ಕರೆದು, ಬಳ್ಳಾರಿಯ ಆಸ್ಪತ್ರೆಗೆ ಮುಟ್ಟಿಸಿ, ಅಲ್ಲಿಂದಲೇ ಕಚೇರಿಗೆ ಹೋಗುತ್ತಾನೆ. ಹೆತ್ತ ಅವ್ವನ ಕಣ್ಣಿಗೆ ಮಾತ್ರ ಅವನಿಗೆ ಕಾಲ ಕೂಡಿ ಬರಲಿಲ್ಲ.

ಅವ್ವ ಅವನ ಮನೆಯಲ್ಲೇ ಇದ್ದಳು. ನಾನು ಮದುವೆಯಾಗಿ ಸಿರುಗುಪ್ಪಕ್ಕೆ ಬಂದವಳು. ಒಮ್ಮೆ ತವರಿಗೆ ಹೋದಾಗ ಅವ್ವ ಅಕ್ಕಿ ಆರಿಸುತ್ತಾ ಕೂತಿದ್ದಳು. ಕಲ್ಲನ್ನು ಮೊರದಲ್ಲೇ ಬಿಟ್ಟು ಅಕ್ಕಿಯನ್ನು ಎಸೆಯುತ್ತಿದ್ದಳು. “ಕಣ್ಣಿಗೆ ಹೊಗಿ ಕವಿದಂಗ ಆಗೈತಿ” ಎಂದಳು. ಪೊರೆ ಬಂದಿದೆ ಎಂದು ಮನೆಯಲ್ಲೇ ತೀರ್ಮಾನವಾಯಿತು. ನಮ್ಮ ಕಡೆ ಕಣ್ಣು ಮಬ್ಬಾದರೆ ಅದು ಪೊರೆಯೇ. ಪೊರೆಯಾದರೆ ಚಳಿಗಾಲದಲ್ಲೇ ತೆಗೆಸಬೇಕು, ಬಿಸಿಲಲ್ಲಿ ಗಾಯ ಕೀವಾಗುತ್ತದೆ ಎಂಬ ನಂಬಿಕೆ ಬೇರೆ.

“ತಂಪು ದಿನ ಬರ್ಲಿ ತಡಿ ಅಕ್ಕ” ಎಂದ ತಮ್ಮ.

ಬಳ್ಳಾರಿ ಸೀಮೆಯಲ್ಲಿ ತಂಪು ದಿನವಂತೆ! ಇಲ್ಲಿರುವುದೇ ಎರಡು ಕಾಲ, ಬೇಸಿಗೆ ಮತ್ತು ಬೆಂಕಿ. ಆದರೂ ಮುಂಜಾನೆ ಹೊತ್ತು ಶಾಲು ಹೊದೆಯುವಷ್ಟು ಚಳಿ ಬಂತು. ಬಂದರೆ, ಅಮಾವಾಸ್ಯೆ ಅಡ್ಡ ಬಂತು. ಅಮಾವಾಸ್ಯೆ ಕಳೆದರೆ ಸೋದರತ್ತೆಯ ಮನೆಯ ಮದುವೆ. ಮದುವೆ ಮುಗಿಯುವಷ್ಟರಲ್ಲಿ, “ಇನ್ನ ಬಿಸ್ಲು ಶುರುವಾತಲ್ಲ, ಮುಂದಿನ ಸಲ ನೋಡೂಣು” ಎಂದ.

ನಾನೇ ಕರೆದುಕೊಂಡು ಹೋಗುತ್ತೇನೆಂದರೆ ಅವ್ವ ಒಪ್ಪಬೇಕಲ್ಲ! “ಗಂಡು ಮಗ ಗಟ್ಟಿಮುಟ್ಟ ಇರೋವಾಗ ಮಗಳ ಕೈಲೆ ಕಣ್ಣು ಮಾಡಿಸ್ಕೊಂಡ್ಳು ಅಂತ ಓಣ್ಯಾಗ ಆಡಿಕೊಳ್ಳಾಕ? ಅವನ ಮುಖಕ್ಕ ಮಸಿ ಬಳೀಬ್ಯಾಡವ್ವ” ಎಂದುಬಿಟ್ಟಳು. ಮಗನ ಮಾನ ಕಾಯಲು ಕುರುಡಾಗಲೂ ತಯಾರಿದ್ದಳು, ಮಹಾತಾಯಿ. ನಾನು ಹಲ್ಲು ಕಚ್ಚಿಕೊಂಡು ಸಿರುಗುಪ್ಪದ ಬಸ್ಸು ಹತ್ತಿದೆ.

ಇನ್ನೊಂದು ಚಳಿಗಾಲವೂ ಹೀಗೇ ಹೋಯಿತು. ಅಷ್ಟರಲ್ಲಿ ಅವ್ವ ಗೋಡೆ ಹಿಡಿದು ಓಡಾಡತೊಡಗಿದ್ದಳು. ಒಂದು ದಿನ ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ತಮ್ಮ ಸಿಕ್ಕ. ನೆರೆಮನೆಯವರ ಗೃಹಪ್ರವೇಶಕ್ಕೆ ಸಾಮಾನು ಕೊಳ್ಳಲು ಬಂದಿದ್ದನಂತೆ. ನನಗೆ ಮೈಯೆಲ್ಲ ಉರಿದುಹೋಯಿತು. ನಡುಬೀದಿ ಎಂಬುದನ್ನೂ ನೋಡದೆ, “ಲೇ, ಊರವರ ಕೆಲಸಕ್ಕ ಕಾಲು ಬರ್ತಾವು, ಅವ್ವ ಬ್ಯಾಡಾಗ್ಯಾಳೇನಲೇ ನಿನಗ?” ಎಂದೆ.

ಅವನು ಚೀಲ ಕೆಳಗಿಟ್ಟ. “ಅಪ್ಪನ ಆಪರೇಷನ್ನಿಗೆ ನಾನ ಸಹಿ ಹಾಕಿದ್ನಲ್ಲ ಅಕ್ಕ. ಒಳಗ ಹೋದಾಂವ ಹೊರಗ ಬರ್ಲಿಲ್ಲ. ಅವ್ವನ ಕಣ್ಣೂ ನನ್ನ ಕೈಲೆ ಹೋದ್ರ ನಾ ಹೆಂಗ ಬದುಕ್ಲಿ?”

ಇದಾ ವಿಷಯ! ಅಮಾವಾಸ್ಯೆ, ಮದುವೆ, ಬಿಸಿಲು ಎಲ್ಲ ಬರೀ ನೆಪ. ಮಾಡಿದ ಕೆಲಸ ಕೆಟ್ಟರೆ ತನ್ನ ತಲೆಗೆ ಬರುತ್ತದೆ. ಮಾಡದೆ ಉಳಿಸಿಕೊಂಡ ಕೆಲಸ ಇನ್ನೂ ಕೆಟ್ಟಿಲ್ಲ ಎಂದು ನಂಬಿಕೊಂಡಿರಬಹುದು. ಓಣಿಯವರಿಗಾಗಿ ಓಡುವಾಗ ಈ ಭಯವಿಲ್ಲ, ಅಲ್ಲಿ ಸಹಿ ಹಾಕುವವರು ಬೇರೆ. ನನಗೆ ಎಲ್ಲ ಅರ್ಥವಾಯಿತು. ಅರ್ಥವಾದದ್ದನ್ನು ತಗೊಂಡು ಏನು ಉಪ್ಪಿನಕಾಯಿ ಹಾಕಲೇ? ಆ ಕಡೆ ಅವ್ವನ ಕಣ್ಣು ಹೋಗುತ್ತಲೇ ಇತ್ತು.

“ಆಪರೇಷನ್ ಮಾತು ಬಿಡು,” ಎಂದೆ. “ಸುಮ್ನ ತೋರ್ಸಿಕೊಂಡು ಹೋಗು. ಸಹಿ ಇಲ್ಲ ಗಿಹಿ ಇಲ್ಲ. ನಾಳಿ ಮುಂಜಾನಿ ಬಸ್ಸಿಗೆ ಅವ್ವನ್ನ ಹತ್ತಿಸು, ಅಷ್ಟ.”

“ಅಷ್ಟ ಆದ್ರ ಆತು ಬಿಡು” ಎಂದ. ಮರುದಿನ ನಾನು ಬಳ್ಳಾರಿಯ ಕಣ್ಣಾಸ್ಪತ್ರೆಯ ಬಾಗಿಲಲ್ಲಿ ಕಾಯುತ್ತಿದ್ದೆ; ಹೇಳಿದ ಹೊತ್ತಿಗೆ ನಿಜವಾಗಿ ಕರೆದುಕೊಂಡು ಬಂದ. ಹೆದರಿದವನ ಕೈಗೆ ಬೆಟ್ಟ ಕೊಡದೆ ಒಂದು ಕಲ್ಲು ಕೊಟ್ಟರೆ ಸಾಕಿತ್ತು. ಇಷ್ಟು ಸುಲಭದ್ದಕ್ಕೆ ಎರಡು ಚಳಿಗಾಲ ಹಾಳಾಗಿದ್ದವು.

ಡಾಕ್ಟರು ಅವ್ವನ ಕಣ್ಣಿಗೆ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ನಮ್ಮಿಬ್ಬರನ್ನು ಬಾಗಿಲ ಬಳಿ ಕರೆದು ಮೆಲ್ಲಗೆ ಹೇಳಿದರು: “ಇದು ಪೊರೆ ಅಲ್ಲ, ಕಣ್ಣೊಳಗಿನ ಒತ್ತಡ. ನರ ಒಣಗಿಹೋಗಿದೆ. ಮೊದಲೇ ಬಂದಿದ್ದರೆ ಬರೀ ಹನಿ ಹಾಕಿ ಉಳಿಸಬಹುದಿತ್ತು. ಈಗ ಏನು ಮಾಡಿದರೂ ಹೋದ ದೃಷ್ಟಿ ವಾಪಸ್ ಬರೋದಿಲ್ಲ.”

ಬರೀ ಹನಿ! ಬೆಳಿಗ್ಗೆ ಸಂಜೆ ಕಣ್ಣಿಗೆ ಬಿಡುವ ಹನಿ. ಅದಕ್ಕೆ ಯಾವ ಚಳಿಗಾಲ ಬೇಕಿತ್ತು?

ತಮ್ಮ ಡಾಕ್ಟರ ಕೈ ಹಿಡಿದುಕೊಂಡು ಕೂಗಿಯೇಬಿಟ್ಟ: “ಇಲ್ರಿ ಸಾಹೇಬ್ರ, ಇವತ್ತ ಆಪರೇಷನ್ ಮಾಡ್ರಿ. ಎಲ್ಲಿ ಸಹಿ ಬೇಕು ಹೇಳ್ರಿ, ಈಗಿಂದೀಗ ಹಾಕ್ತೀನಿ!” ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಅವನನ್ನು ತಬ್ಬಿಕೊಂಡು ಅಳಬೇಕೆಂದೂ ಅನಿಸಿತು. ಎರಡೂ ಆಗಲಿಲ್ಲ.

ಡಾಕ್ಟರ ಮಾತು ಅವ್ವನಿಗೆ ಕೇಳಿರಲಿಲ್ಲ. ಮಗನ ಗಟ್ಟಿ ದನಿ ಮಾತ್ರ ಕೇಳಿತ್ತು. ಕುರ್ಚಿಯಲ್ಲಿ ನೆಟ್ಟಗೆ ಕೂತು, ಸೆರಗು ಸರಿಮಾಡಿಕೊಂಡು, ಯಾರೂ ಇಲ್ಲದ ಗೋಡೆಯ ಕಡೆ ಮುಖ ಮಾಡಿ ನಗುತ್ತಾ ಹೇಳಿದಳು: “ಹೂನ್ರಿ, ಇವತ್ತ ಮಾಡಿಬಿಡ್ರಿ. ನನ್ನ ಮಗ ರಜಾ ಹಾಕಿ ಬಂದಾನ.”