ಹೆಜ್ಜೆ ಸಪ್ಪಳದ ಆಟ

ಬೇಸಾಯದ ಆಟ ಮಾಡಿದವರು ಒಂದು ದಿನವೂ ಹೊಲಕ್ಕೆ ಇಳಿದವರಲ್ಲ ಎಂಬುದು ನನಗೆ ಮೊದಲ ಹತ್ತು ನಿಮಿಷದಲ್ಲೇ ಗೊತ್ತಾಯಿತು. ಫೋನಿನಲ್ಲಿ ಟೊಮೆಟೊ ಸಸಿ ನೆಟ್ಟು ನೀರು ಬಿಟ್ಟರೆ ಮೂರನೇ ದಿನಕ್ಕೆ ಹಣ್ಣು. ರೋಗವಿಲ್ಲ, ನೊಣವಿಲ್ಲ, ಪಕ್ಕದ ಹೊಲದವರೂ ಇಲ್ಲ. ಅಕ್ಕಪಕ್ಕದವರೇ ಇಲ್ಲದ ಬೇಸಾಯ ಎಂಥ ಬೇಸಾಯ? ಎರಡು ವಾರ ಆಡಿ ತೆಗೆದುಹಾಕಿದೆ.

ಆಮೇಲೆ ಆಡಿದ್ದು ಒಂದು ಕಥೆಯ ಆಟ. ಒಂದು ಮನೆಯಲ್ಲಿ ಅಪಘಾತ ಆಗಿರುತ್ತದೆ, ಆ ಮನೆಯ ಮಗಳು ನಾವು. ಯಾರಾದರೂ ಪ್ರಶ್ನೆ ಕೇಳಿದ ಕೂಡಲೇ ತೆರೆಯ ಮೇಲೆ ಎರಡು ಉತ್ತರ ಬರುತ್ತವೆ, ಒಂದು ನಿಜ, ಒಂದು ಸುಳ್ಳು. ಕೆಳಗಡೆ ಕೆಂಪು ಗೆರೆಯೊಂದು ಕರಗುತ್ತಾ ಹೋಗುತ್ತದೆ, ಅದು ಮುಗಿಯುವುದರೊಳಗೆ ಒಂದನ್ನು ಒತ್ತಬೇಕು. ನಾನು ಪ್ರತಿ ಸಲ ನಿಜವನ್ನೇ ಒತ್ತಿದೆ. ಆಟ ಚೆನ್ನಾಗಿತ್ತು, ಆದರೆ ಆ ಗೆರೆಯ ಮೇಲೆ ನನಗೆ ಸಿಟ್ಟಿತ್ತು. ಮನುಷ್ಯರಿಗೆ ಯೋಚಿಸಲು ಇಷ್ಟೇ ಇಷ್ಟು ಸಮಯವೇ ಎಂದು ಬೈದುಕೊಂಡಿದ್ದೆ.

ನನ್ನನ್ನು ಹಿಡಿದುಹಾಕಿದ್ದು ಮೂರನೆಯದು. ಒಂದು ದ್ವೀಪ, ನೂರು ಜನ, ಕೈಗೆ ಸಿಕ್ಕ ಬಂದೂಕು, ಕೊನೆಯವರೆಗೆ ಉಳಿದವರೇ ಗೆದ್ದವರು. ರೇಷ್ಮೆ ಹುಳು ಸಾಕುವ ನಲವತ್ತು ದಾಟಿದ ಹೆಂಗಸು ಹುಲ್ಲಿನಲ್ಲಿ ಬೋರಲು ಮಲಗಿ ಗುಂಡು ಹಾರಿಸುತ್ತಾಳೆ ಎಂದರೆ ನಗುವವರು ನಗಲಿ. ಆ ಆಟದಲ್ಲಿ ಬಂದೂಕಿಗಿಂತ ಕಿವಿ ಮುಖ್ಯ. ಎರಡೂ ಕಿವಿಗೆ ಇಯರ್‌ಫೋನ್ ಹಾಕಿದರೆ ಎಡಗಡೆ ಹುಲ್ಲು ಸರಿದದ್ದು, ಮೇಲಿನ ಮಹಡಿಯಲ್ಲಿ ಯಾರೋ ಬರಿಗಾಲಲ್ಲಿ ನಡೆದದ್ದು ಬೇರೆ ಬೇರೆಯಾಗಿ ಕೇಳಿಸುತ್ತದೆ. ಹೆಜ್ಜೆ ಸಪ್ಪಳ ಕೇಳಿಯೇ ಶತ್ರು ಎಷ್ಟು ದೂರ ಇದ್ದಾನೆಂದು ಹೇಳುವಷ್ಟು ನಾನು ಪಳಗಿದ್ದೆ. ಅದರ ಬಗ್ಗೆ ನನಗೆ ಒಳ್ಳೆಯ ಜಂಬವೂ ಇತ್ತು.

ಶ್ರೀನಿವಾಸಪುರದಿಂದ ಮುಳಬಾಗಿಲಿನ ಕಡೆ ಹೋಗುವ ದಾರಿಯಲ್ಲಿ ನಮ್ಮ ಊರು. ಮನೆಯವರು ಕೋಲಾರದ ಹತ್ತಿರದ ಕಾರ್ಖಾನೆಯೊಂದಕ್ಕೆ ಹೋಗಿಬರುತ್ತಾರೆ. ಹಿಪ್ಪುನೇರಳೆ ತೋಟ, ಹುಳು ಮನೆ ಎರಡನ್ನೂ ನೋಡಿಕೊಳ್ಳುವುದು ಅತ್ತೆ ಮತ್ತು ನಾನು. ನಮ್ಮ ತೋಟಕ್ಕೆ ಅಂಟಿಕೊಂಡೇ ಪಕ್ಕದವರ ಟೊಮೆಟೊ ಹೊಲ, ನಡುವೆ ಒಂದು ಬದು. ಆ ಹೊಲದವರು ನಮಗೆ ಸಂಬಂಧಿಕರಲ್ಲ. ಅತ್ತೆಯನ್ನು ಅವರು ಅಕ್ಕ ಎನ್ನುವುದರಿಂದ ನನಗೆ ಅವರು ಮಾವ.

ಟೊಮೆಟೊಗೆ ಹೊಡೆದ ಔಷಧಿ ಗಾಳಿಯಲ್ಲಿ ಬಂದು ನಮ್ಮ ಸೊಪ್ಪಿನ ಮೇಲೆ ಕೂತರೆ, ಆ ಸೊಪ್ಪು ತಿಂದ ಹುಳು ಬದುಕುವುದಿಲ್ಲ. ಅದಕ್ಕೇ ನಮ್ಮೂರಲ್ಲಿ ಒಂದು ಕಟ್ಟಳೆ ಇದೆ. ಔಷಧಿ ಹೊಡೆಯುವವರು ಮೊದಲು ಬದುವಿಗೆ ಬಂದು, ಹುಳು ಸಾಕುವ ಮನೆಯವರ ಮುಖ ನೋಡಿ ಹೇಳಬೇಕು. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಕೇಳಿದವರು 'ಆಯ್ತು' ಅನ್ನಬೇಕು. ಅಂದ ಮೇಲೆ ಬದುವಿನ ಪಕ್ಕದ ಸಾಲುಗಳನ್ನು ಹದಿನೈದು ದಿನ ಮುಟ್ಟದೆ ಇರುವುದು ಹುಳು ಸಾಕುವವರ ಹೊಣೆ. ಹೇಳದೆ ಹೊಡೆದವರನ್ನು ಊರ ಹಿರಿಯರು ಅರಳಿಕಟ್ಟೆಗೆ ಕರೆಸುತ್ತಾರೆ, ಆಮೇಲೆ ಅವರ ಮಾತಿಗೆ ಯಾರೂ ಬೆಲೆ ಕೊಡುವುದಿಲ್ಲ.

ನಾನು ಲಕ್ಕೂರಿನ ಕಡೆಯಿಂದ ಬಂದ ಸೊಸೆ. ತವರಿನಲ್ಲಿ ರಾಗಿ, ತರಕಾರಿ ಬಿಟ್ಟರೆ ಹುಳು ಕಂಡವಳಲ್ಲ. ಮದುವೆಯಾಗಿ ಹತ್ತಾರು ವರ್ಷ ಆ ಮಾವ ಬದುವಿಗೆ ಬಂದರೆ ನನ್ನನ್ನು ದಾಟಿ ನೋಡಿ ಅತ್ತೆಯನ್ನೇ ಕೂಗುತ್ತಿದ್ದರು. ಎರಡು ವರ್ಷದ ಹಿಂದೆ ಮೊದಲ ಸಲ ನನ್ನ ಮುಂದೆ ನಿಂತು, ತಮ್ಮ ತೆಲುಗು ಬೆರೆತ ಮಾತಿನಲ್ಲಿ, "ಅಮ್ಮಾಯಿ, ನಾಳೆ ಔಷಧಿ ಹೊಡೀತೀನಿ" ಅಂದರು. ನಾನು "ಆಯ್ತು ಮಾವ" ಅಂದೆ. ಆ ದಿನ ನನಗೆ ಈ ಊರಿನವಳು ಅನ್ನಿಸಿತು. ಅದನ್ನು ಯಾರಿಗೂ ಹೇಳಿಕೊಳ್ಳಲಿಲ್ಲ, ಆದರೆ ಅಡುಗೆಮನೆಯಲ್ಲಿ ಒಬ್ಬಳೇ ನಕ್ಕಿದ್ದೆ.

ಈ ಸಲದ ಹುಳು ನಾಲ್ಕನೇ ಜ್ವರ ಎದ್ದು ಐದು ದಿನ ಆಗಿತ್ತು. ಜ್ವರ ಎಂದರೆ ಹುಳು ಮೇವು ಬಿಟ್ಟು ಪೊರೆ ಕಳಚುವ ಹೊತ್ತು. ನಾಲ್ಕನೆಯದು ದಾಟಿದರೆ ಒಂದು ವಾರ ಬಿಡದೆ ತಿಂದು ಗೂಡು ಕಟ್ಟುತ್ತದೆ. ಇನ್ನು ಎರಡು ದಿನಕ್ಕೆ ಹಣ್ಣಾಗಿ ಗೂಡಿಗೆ ಸಿದ್ಧವಾಗಬೇಕಿದ್ದ ಹುಳು ನಾಲ್ಕು ಸ್ಟ್ಯಾಂಡಿನ ತುಂಬ ಇತ್ತು. ಬೆಳಿಗ್ಗೆ ಸೊಪ್ಪು ಹಾಕಿ, ಬದುವಿನ ಹೊಂಗೆ ಮರದ ಕೆಳಗೆ ಕೂತು ಆಟ ತೆಗೆದೆ. ದ್ವೀಪದಲ್ಲಿ ಆರು ಜನ ಉಳಿದಿದ್ದೆವು. ನಾನು ಒಂದು ಗೋಡೆಯ ಹಿಂದೆ ಕೂತು, ಬಲಗಿವಿಯಲ್ಲಿ ಬರುತ್ತಿದ್ದ ಹೆಜ್ಜೆಗಳನ್ನು ಉಸಿರು ಬಿಗಿಹಿಡಿದು ಕೇಳುತ್ತಿದ್ದೆ.

ಎದುರಿಗೆ ನೆರಳು ಬಿತ್ತು. ತಲೆ ಎತ್ತಿದರೆ ಮಾವ. ತುಟಿ ಆಡುತ್ತಿತ್ತು, ಕೈ ಅವರ ಹೊಲದ ಕಡೆ ಹೋಗಿ ಬಂತು. ನೀರಿನ ವಿಷಯವೋ ಕರೆಂಟಿನ ವಿಷಯವೋ ಇರಬೇಕು ಅಂದುಕೊಂಡೆ. ಕಿವಿಯ ಇಯರ್‌ಫೋನ್ ತಲೆಗೆ ಹೊದ್ದ ಸೆರಗಿನೊಳಗೆ ಇತ್ತು, ಅವರಿಗೆ ಕಾಣುವಂತಿರಲಿಲ್ಲ. "ಆಯ್ತು ಮಾವ" ಅಂದೆ. ಅವರು ಹೋದರು. ನಾನು ಆ ಆಟದಲ್ಲಿ ಎರಡನೆಯವಳಾಗಿ ಸೋತೆ, ಸೋತ ಬೇಜಾರಿನಲ್ಲಿ ಅವರು ಬಂದದ್ದೂ ಮರೆತುಹೋಯಿತು.

ಸಂಜೆ ನಾಲ್ಕಕ್ಕೆ ಸೊಪ್ಪು ಕೊಯ್ಯಲು ಹೋದೆ. ಬದುವಿನ ಪಕ್ಕದ ಸಾಲು ಸೊಂಪಾಗಿ ಬಂದಿತ್ತು. ಅಲ್ಲಿಂದಲೇ ಕೊಯ್ದೆ. ಹೊರೆ ತಂದು, ಬಾಗಿಲಲ್ಲಿ ಕಾಲು ತೊಳೆದು, ಎರಡು ಸ್ಟ್ಯಾಂಡಿಗೆ ನಾನೇ ಹರಡಿದೆ. ಹುಳು ಸೊಪ್ಪು ತಿನ್ನುವ ಸದ್ದು ಮನೆಯಲ್ಲೆಲ್ಲ ಹಬ್ಬಿತು. ಅಷ್ಟರಲ್ಲಿ ಅತ್ತೆ ಬಂದು ಮೂರನೆಯದಕ್ಕೆ ಹಾಕಲು ಒಂದು ಕಡ್ಡಿ ಎತ್ತಿದವರು, ಎಲೆ ಹಿಸುಕಿ ಮೂಗಿಗೆ ಹಿಡಿದರು.

"ಯಾವ ಸಾಲಿಂದ ತಂದೆ?"

"ಬದುವಿನ ಪಕ್ಕದ್ದು."

ಅವರು ಕಡ್ಡಿಯನ್ನು ಹೊರಗೆ ಎಸೆದರು. "ವಾಸನೆ ಬರ್ತಿದೆ ಕಣೇ. ತೆಗಿ, ಎಲ್ಲಾ ತೆಗಿ."

ಇಬ್ಬರೂ ಸೊಪ್ಪು ಎಳೆದು ಹಾಕತೊಡಗಿದೆವು. ಎಲೆ ಕಚ್ಚಿಕೊಂಡಿದ್ದ ಹುಳುಗಳನ್ನು ಬೊಗಸೆಯಲ್ಲಿ ಬಾಚಿ ಹೊಸ ಕಾಗದದ ಮೇಲೆ ಬಿಟ್ಟೆವು. ಮಾವನ ತುಟಿ, ಆ ಕೈ, ನನ್ನ 'ಆಯ್ತು' ಎಲ್ಲ ಒಂದೇ ಸಲಕ್ಕೆ ನೆನಪಿಗೆ ಬಂದಿದ್ದವು. ಅಷ್ಟರಲ್ಲಿ ಮೊದಲ ಸ್ಟ್ಯಾಂಡಿನ ತುದಿಯಲ್ಲಿ ಒಂದು ಹುಳು ತಲೆ ಎತ್ತಿ ಅತ್ತಿತ್ತ ಆಡಿಸಿತು. ಅದರ ಪಕ್ಕದ್ದು ಬಾಯಿಂದ ಹಸಿರು ನೀರು ಕಕ್ಕಿತು. ಆಮೇಲೆ ಎಲ್ಲಿ ನೋಡಿದರೂ ತಲೆ ಎತ್ತಿದ ಹುಳುಗಳೇ.

"ಅವನು ಹೇಳ್ಲಿಲ್ವೇನೇ ನಿನಗೆ?" ಅತ್ತೆ ಕೈ ನಿಲ್ಲಿಸದೆ ಕೇಳಿದರು.

"ಇಲ್ಲ" ಅಂದೆ.

ಯಾಕೆ ಹಾಗಂದೆನೋ ಇವತ್ತಿಗೂ ಗೊತ್ತಿಲ್ಲ. ಭಯ ಇತ್ತು, ಅಷ್ಟೇ. ಅತ್ತೆ ಕೈ ತೊಳೆದು ಸೀರೆ ಎತ್ತಿ ಕಟ್ಟಿಕೊಂಡು ಹೊರಟರು. ಬದುವಿನ ಮೇಲೆ ನಿಂತು ಅವರು ಕೂಗಿದ್ದು ಹುಳು ಮನೆಯೊಳಗೆ ನನಗೆ ಒಂದೊಂದು ಪದವೂ ಕೇಳಿಸಿತು. ಹತ್ತು ನಿಮಿಷಕ್ಕೆ ಮಾವ ಅವರ ಹಿಂದೆಯೇ ಬಂದರು. ಬಟ್ಟೆಗೆ ಔಷಧಿ ತಾಗಿದೆ ಎಂದು ಬಾಗಿಲಿಗೆ ಬರದೆ ಹುಣಸೆ ಮರದ ಹತ್ತಿರವೇ ನಿಂತರು. ಅಂಥ ಹೊತ್ತಿನಲ್ಲೂ ನಮ್ಮ ಹುಳುವಿನ ಮೇಲೆ ಅವರಿಗೆ ಅಷ್ಟು ಎಚ್ಚರ ಇತ್ತು. ನಾನು ಹೊಸ್ತಿಲ ಮೇಲೆ ನಿಂತಿದ್ದೆ.

"ಪೊದ್ದುನ್ನೇ, ಬೆಳಿಗ್ಗೆ ಎಂಟೂವರೆಗೇ ಬಂದು ಹೇಳಿದೀನಕ್ಕಾ" ಅಂದರು ಮಾವ. "ಅಮ್ಮಾಯಿ ಆಯ್ತು ಅಂತು ಕದಾ. ಆಮೇಲೇ ನಾನು ಔಷಧಿ ಕಲಸೋಕೆ ಡ್ರಮ್ಮಿಗೆ ನೀರು ಬಿಟ್ಟಿದ್ದು."

"ನನ್ನ ಸೊಸೆ ಸುಳ್ಳು ಹೇಳೋಳಲ್ಲ" ಅಂದರು ಅತ್ತೆ. "ನಾಳೆ ಕಟ್ಟೆ ಹತ್ರ ಬಾ. ನಾಲ್ಕು ಜನರ ಮುಂದೆ ಮಾತಾಡಾಣ."

ಮಾವ ನನ್ನ ಕಡೆ ನೋಡಿದರು. ಸಿಟ್ಟಿನಿಂದಲ್ಲ, ಕಾಯುವವರ ಹಾಗೆ ನೋಡಿದರು. ಅತ್ತೆಯೂ ನನ್ನ ಕಡೆ ತಿರುಗಿದರು. ಆ ಕಥೆಯ ಆಟದಲ್ಲಿ ಸಮಯ ಸಾಲದು ಎಂದು ಬೈದವಳು ನಾನು. ಇಲ್ಲಿ ಕೆಂಪು ಗೆರೆ ಇರಲಿಲ್ಲ. ಬೆಳಗಾಗುವವರೆಗೆ ಸುಮ್ಮನೆ ನಿಂತಿದ್ದರೂ ಯಾರೂ ತಡೆಯುತ್ತಿರಲಿಲ್ಲ. ಸುಮ್ಮನಿದ್ದರೆ ನನಗೆ ಏನೂ ಆಗುತ್ತಿರಲಿಲ್ಲ, ನಾಳೆ ಕಟ್ಟೆಯ ಮೇಲೆ ತಲೆ ತಗ್ಗಿಸುವವರು ಅವರು. ಫೋನು ಸೊಂಟದಲ್ಲಿತ್ತು, ಅದರ ಅಂಚು ಹೊಟ್ಟೆಗೆ ಒತ್ತುತ್ತಿತ್ತು.

"ಹೇಳಿದ್ರು ಅತ್ತೆ" ಅಂದೆ. "ಬಂದು ಹೇಳಿದ್ರು. ಕಿವೀಲಿ ವೈರ್ ಇತ್ತು, ಆಟ ಆಡ್ತಿದ್ದೆ. ಏನಂದ್ರು ಅಂತ ಕೇಳಿಸ್ಲಿಲ್ಲ. ಕೇಳಿಸ್ದೇನೇ ಆಯ್ತು ಅಂದ್ಬಿಟ್ಟೆ."

ಅತ್ತೆ ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಹಗುರಾಗುತ್ತಿತ್ತು. ಅವರು ಮಾವನಿಗೆ ಕೈ ಮುಗಿದು, "ತಪ್ಪಾಯ್ತಪ್ಪಾ, ಹೋಗು" ಅಂದರು. ನನಗಿಂತ ಇಪ್ಪತ್ತೈದು ವರ್ಷ ದೊಡ್ಡವರು, ನನ್ನ ತಪ್ಪಿಗೆ ಕೈ ಮುಗಿದರು. ಆಮೇಲೆ ನನ್ನ ಪಕ್ಕದಿಂದ ಒಳಗೆ ಹೋಗಿ ಮತ್ತೆ ಹುಳು ಆರಿಸತೊಡಗಿದರು.

ಕತ್ತಲಾಗುವುದರೊಳಗೆ ಎರಡೂ ಸ್ಟ್ಯಾಂಡಿನ ಹುಳು ಸತ್ತವು. ಬುಟ್ಟಿಗೆ ತುಂಬಿ ಗುಂಡಿಗೆ ಹಾಕಿದವಳು ನಾನೇ. ಉಳಿದೆರಡು ಸ್ಟ್ಯಾಂಡು ಎರಡು ದಿನದ ಮೇಲೆ ಹಣ್ಣಾಯಿತು. ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಟ್ಟೆವು, ಗೂಡು ಚೆನ್ನಾಗಿಯೇ ಬಂತು. ಮನೆಯವರು ಒಂದು ವಾರ ಸರಿಯಾಗಿ ಮಾತಾಡಲಿಲ್ಲ, ಆಮೇಲೆ ಮಾತಾಡಿದರು. ಅತ್ತೆ ಆ ವಿಷಯ ಮತ್ತೆ ಎತ್ತಲಿಲ್ಲ.

ಆಟ ಬಿಟ್ಟೆಯಾ ಎಂದು ಕೇಳಿದರೆ, ಇಲ್ಲ. ಈಗಲೂ ಮನೆಯೊಳಗೆ ಕೂತು ಆಡುತ್ತೇನೆ. ಆ ದ್ವೀಪದ ಆಟ ಒಳ್ಳೆಯ ಆಟ ಎಂದೇ ಈಗಲೂ ಹೇಳುತ್ತೇನೆ, ಅದರ ಸದ್ದು ಮಾಡಿದವರಿಗೆ ಕೆಲಸ ಗೊತ್ತು. ತಪ್ಪು ನನ್ನದು, ಆಟದ್ದಲ್ಲ. ತೋಟಕ್ಕೆ ಮಾತ್ರ ಫೋನು ಒಯ್ಯುವುದಿಲ್ಲ.

ಮೊನ್ನೆ ಬದುವಿನ ಹತ್ತಿರ ಕಳೆ ತೆಗೆಯುತ್ತಿದ್ದೆ. ಹಿಂದಿನಿಂದ ಹೆಜ್ಜೆ ಸಪ್ಪಳ ಕೇಳಿಸಿತು. ಮಾವನದೇ ಎಂದು ಅಷ್ಟು ದೂರದಿಂದಲೇ ಗೊತ್ತಾಯಿತು. ಎದ್ದು, ಸೆರಗು ಹಿಂದಕ್ಕೆ ಸರಿಸಿ, ಎರಡೂ ಕಿವಿ ಕಾಣುವ ಹಾಗೆ ನಿಂತೆ. ಅವರು ಬಂದು ಬದುವಿನ ಮೇಲೆ ನಿಂತರು. "ಚೆನ್ನಾಗಿದ್ದೀಯಾ ಅಮ್ಮಾಯಿ" ಎಂದು ಕೇಳಿದರು. "ಚೆನ್ನಾಗಿದೀನಿ ಮಾವ" ಅಂದೆ. ಆಮೇಲೆ ಅವರು ನನ್ನ ತಲೆಯ ಮೇಲಿಂದ ಹುಳು ಮನೆಯ ಕಡೆ ನೋಡಿ, "ಅಕ್ಕಾ, ಒಂದು ಮಾತು ಹೇಳ್ಬೇಕಿತ್ತು, ಬಾ" ಎಂದು ಕೂಗಿದರು.